ಇಂಗ್ಲಿಷ್ ಪ್ರಾಸಪದಗಳು: ಹುಡುಕುವುದು ಹೇಗೆ? ಅರ್ಥ ತಿಳಿಯುವುದು ಹೇಗೆ?

ಮೈಸೂರು: ನಗರದ ಉದಯಗಿರಿಯ ಅನೇಕ ಮನೆಗಳಲ್ಲಿ ಆಡುಮಾತು ಉರ್ದು, ಬೀದಿಯಲ್ಲಿ ಕನ್ನಡ, ಮಕ್ಕಳ ಶಾಲಾ ಚೀಲದಲ್ಲಿ ಇಂಗ್ಲಿಷ್. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಆರಂಭವಾಗುತ್ತಿದೆ. ‘ಪ್ರಾಸಪದಗಳನ್ನು ಬರೆಯಿರಿ’ ಎಂಬುದು ಕೆಳಗಿನ ತರಗತಿಗಳ ಸಾಮಾನ್ಯ ಅಭ್ಯಾಸ. ಇಂಗ್ಲಿಷ್ ಓದದ ತಂದೆ-ತಾಯಿಗೆ ಈ ಮನೆಗೆಲಸದಲ್ಲಿ ನೆರವಾಗುವುದು ಕಷ್ಟ. ಮಗುವೂ ಪಟ್ಟಿಯನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡಿಬಿಡುತ್ತದೆ. ಆದರೆ ಪ್ರಾಸದ ಹಿಂದಿರುವ ನಿಯಮ ಸರಳವಾದುದು.

ಪ್ರಾಸ ಎಲ್ಲಿರುತ್ತದೆ?

ಕನ್ನಡ ಕಾವ್ಯದ ಸಾಂಪ್ರದಾಯಿಕ ಪ್ರಾಸ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನದಲ್ಲಿರುತ್ತದೆ. ಮಂಜೇಶ್ವರದ ಕವಿ ಎಂ. ಗೋವಿಂದ ಪೈ 1911ರಲ್ಲಿ ಈ ಕಟ್ಟನ್ನು ಕೈಬಿಟ್ಟರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯ ಅವರು 1920ರ ದಶಕದಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲಕ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದರು. ಸಾಲಿನ ಕೊನೆಯಲ್ಲಿ ಬರುವ ಅಂತ್ಯಪ್ರಾಸ ಹೊಸಗನ್ನಡದಲ್ಲಿ ಹೆಚ್ಚು ಬಳಕೆಗೆ ಬಂದದ್ದು ಈ ಕಾಲದಲ್ಲಿಯೇ. ಉರ್ದು ಗಜಲ್‌ನ ‘ಕಾಫಿಯಾ’ ಕೂಡ ದ್ವಿಪದಿಯ ಕೊನೆಯ ಭಾಗದಲ್ಲಿ ಬರುವ ಪ್ರಾಸವೇ. ಹೀಗಾಗಿ ಗಜಲ್ ಕೇಳಿ ಬೆಳೆದ ಮಗುವಿಗೆ ಇಂಗ್ಲಿಷ್ ಪ್ರಾಸ ತೀರ ಅಪರಿಚಿತವಲ್ಲ.

ಇಂಗ್ಲಿಷ್ ನಿಯಮ ಇಷ್ಟು: ಪದದಲ್ಲಿ ಒತ್ತು ಬೀಳುವ ಕೊನೆಯ ಸ್ವರದಿಂದ ಮುಂದಿನ ಧ್ವನಿಯೆಲ್ಲ ಒಂದೇ ಆಗಿರಬೇಕು, ಅದರ ಹಿಂದಿನ ವ್ಯಂಜನ ಬೇರೆಯಾಗಿರಬೇಕು. ಲೈಟ್, ಕೈಟ್, ಬೈಟ್ ಪ್ರಾಸಪದಗಳು. ನೇಷನ್, ಸ್ಟೇಷನ್ ಕೂಡ ಹಾಗೆಯೇ. ಆದರೆ ನೇಷನ್ ಮತ್ತು ಫ್ಯಾಷನ್ ಪೂರ್ಣ ಪ್ರಾಸವಲ್ಲ. ಎರಡರ ಕೊನೆಯೂ ‘ಷನ್’ ಆದರೂ ಒತ್ತು ಬೀಳುವ ಸ್ವರಗಳು ಬೇರೆ ಬೇರೆ.

ಕಾಗುಣಿತದ ಬಲೆ

ಕನ್ನಡದಲ್ಲಿ ಬರೆದಂತೆ ಓದುವುದು ರೂಢಿ. ಅದೇ ರೂಢಿಯಿಂದ ಇಂಗ್ಲಿಷ್ ಓದಿದರೆ ತಪ್ಪುತ್ತದೆ. ಓ-ಯು-ಜಿ-ಎಚ್ ಎಂಬ ನಾಲ್ಕು ಅಕ್ಷರಗಳಿಂದ ಕೊನೆಗೊಳ್ಳುವ ರಫ್ (ಒರಟು), ಕಾಫ್ (ಕೆಮ್ಮು), ಥ್ರೂ (ಮೂಲಕ), ದೋ (ಆದರೂ), ಬೌ (ಕೊಂಬೆ) ಪದಗಳಲ್ಲಿ ಯಾವ ಎರಡೂ ಪ್ರಾಸವಾಗುವುದಿಲ್ಲ. ರಫ್‌ಗೆ ಪ್ರಾಸ ಸ್ಟಫ್. ಥ್ರೂಗೆ ಪ್ರಾಸ ಬ್ಲೂ. ಎತ್ತರ ಎಂಬ ಅರ್ಥದ ಹೈಟ್ ಮತ್ತು ತೂಕ ಎಂಬ ಅರ್ಥದ ವೇಟ್ ಪದಗಳಿಗೆ ಮೊದಲ ಅಕ್ಷರ ಬಿಟ್ಟು ಉಳಿದ ಕಾಗುಣಿತ ಒಂದೇ. ಆದರೂ ಹೈಟ್ ಸೇರುವುದು ಲೈಟ್ ಜೊತೆ, ವೇಟ್ ಸೇರುವುದು ಗೇಟ್ ಜೊತೆ.

ಅರ್ಥ ತಿಳಿದರಷ್ಟೇ ಪ್ರಾಸ

ಕೆಲವು ಪದಗಳಲ್ಲಿ ಅರ್ಥ ಗೊತ್ತಾಗದೆ ಪ್ರಾಸವನ್ನೇ ಹುಡುಕಲಾಗದು. ಟಿ-ಇ-ಎ-ಆರ್ ಎಂದು ಬರೆದ ಪದಕ್ಕೆ ‘ಕಣ್ಣೀರು’ ಎಂಬ ಅರ್ಥವಿದ್ದರೆ ಟಿಯರ್; ಅದಕ್ಕೆ ಪ್ರಾಸ ಫಿಯರ್, ಅಂದರೆ ಭಯ. ‘ಹರಿ’ ಎಂಬ ಅರ್ಥವಿದ್ದರೆ ಟೇರ್. ಅದಕ್ಕೆ ಪ್ರಾಸ ಕೇರ್, ಅಂದರೆ ಕಾಳಜಿ. ಎಲ್-ಇ-ಎ-ಡಿ ‘ಮುನ್ನಡೆಸು’ ಎಂದಾದರೆ ಲೀಡ್, ರೀಡ್‌ಗೆ ಪ್ರಾಸ. ‘ಸೀಸ’ ಎಂದಾದರೆ ಲೆಡ್, ಬೆಡ್‌ಗೆ ಪ್ರಾಸ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಕರಡಿ ಎಂಬ ಅರ್ಥದ ಬೇರ್, ಬರಿದಾದ ಎಂಬ ಅರ್ಥದ ಬೇರ್ ಪದಗಳ ಕಾಗುಣಿತ ಬೇರೆ, ಧ್ವನಿ ಒಂದೇ. ರಾತ್ರಿ ಎಂಬ ಅರ್ಥದ ನೈಟ್, ಅಶ್ವಯೋಧ ಎಂಬ ಅರ್ಥದ ನೈಟ್ ಕೂಡ ಹೀಗೆಯೇ. ಇವು ಸಮಧ್ವನಿ ಪದಗಳು. ಹಿಂದಿನ ವ್ಯಂಜನವೂ ಒಂದೇ ಆಗಿರುವುದರಿಂದ ಇವನ್ನು ಪೂರ್ಣ ಪ್ರಾಸವೆಂದು ಎಣಿಸುವುದಿಲ್ಲ.

ನೆರವಿಗೆ ನಿಘಂಟು

ಜಾನ್ ವಾಕರ್ 1775ರಲ್ಲಿ ಇಂಗ್ಲಿಷ್ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಜೋಡಿಸಿ ಪ್ರಾಸಕ್ಕೂ ನೆರವಾಗುವ ನಿಘಂಟು ಪ್ರಕಟಿಸಿದರು. ಈ ಜೋಡಣೆಗೆ ಕಾಗುಣಿತವೇ ಆಧಾರ. ಈಗಿನ ಕಂಪ್ಯೂಟರ್ ನಿಘಂಟುಗಳಿಗೆ ಆಧಾರ ಧ್ವನಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ನಿಘಂಟಿನಲ್ಲಿ 1,34,000ಕ್ಕೂ ಹೆಚ್ಚು ಪದಗಳಿವೆ. ಆದರೆ ಅದು ಉತ್ತರ ಅಮೆರಿಕದ ಉಚ್ಚಾರಣೆ ಎಂಬುದನ್ನು ಮರೆಯಬಾರದು. ಇಂಗ್ಲಿಷ್ ವರ್ಣಮಾಲೆಯ ಕೊನೆಯ ಅಕ್ಷರ ಅಲ್ಲಿ ‘ಝೀ’, ನಮ್ಮಲ್ಲಿ ‘ಝೆಡ್’. ಅಲ್ಲಿ ಅದು ‘ವೀ’ಗೆ ಪ್ರಾಸ, ಇಲ್ಲಿ ‘ಬೆಡ್’ಗೆ. ಅರ್ಥಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಉಪಯುಕ್ತ.

ಈ ಅಭ್ಯಾಸ ಕೇವಲ ಆಟವಲ್ಲ. ಪುಟ್ಟ ಮಕ್ಕಳು ಪ್ರಾಸ ಗುರುತಿಸುವ ಸಾಮರ್ಥ್ಯಕ್ಕೂ ಅವರ ಮುಂದಿನ ಓದು-ಕಾಗುಣಿತಕ್ಕೂ ಸಂಬಂಧವಿರುವುದನ್ನು ಆಕ್ಸ್‌ಫರ್ಡ್‌ನ ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತ್ತು. ಸುಮಾರು 400 ಮಕ್ಕಳನ್ನು ಅವರು ಅಧ್ಯಯನಕ್ಕೆ ಒಳಪಡಿಸಿದ್ದರು.

ಮನೆಯಲ್ಲಿ ಹೀಗೆ ಮಾಡಿ

* ಮಗು ಪದವನ್ನು ಗಟ್ಟಿಯಾಗಿ ಹೇಳಲಿ. ಬುಕ್ ಎಂಬುದನ್ನು ‘ಬುಕ್ಕು’ ಎಂದು ಎಳೆಯದಿರಲಿ.
* ಮೊದಲ ವ್ಯಂಜನ ತೆಗೆದು ಬೇರೆ ವ್ಯಂಜನಗಳನ್ನು ಒಂದೊಂದಾಗಿ ಹಚ್ಚಲಿ: ಕ್ಯಾಟ್, ಬ್ಯಾಟ್, ಹ್ಯಾಟ್, ಮ್ಯಾಟ್.
* ಸಿಕ್ಕಿದ ಪದ ನಿಘಂಟಿನಲ್ಲಿ ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ಬಿಡಲಿ.
* ಪುಸ್ತಕದಲ್ಲಿ ಮೂರು ಸಾಲು ಮಾಡಿ ಕಾಗುಣಿತ, ಕನ್ನಡ ಅಕ್ಷರದಲ್ಲಿ ಉಚ್ಚಾರಣೆ, ಮನೆಮಾತಿನಲ್ಲಿ ಅರ್ಥ ಬರೆಯಲಿ.

ಮೂರನೆಯ ಸಾಲನ್ನು ತುಂಬಿಸಲು ತಾಯಿಗೆ ಇಂಗ್ಲಿಷ್ ಬರಲೇಬೇಕೆಂದಿಲ್ಲ. ‘ಇದಕ್ಕೆ ನಮ್ಮ ಮಾತಿನಲ್ಲಿ ಏನಂತಾರೆ?’ ಎಂದು ಮಗುವನ್ನು ಕೇಳಿದರೆ ಸಾಕು. ಉತ್ತರ ಬಾರದಿದ್ದರೆ ಆ ಪದವನ್ನು ಮಗು ಇನ್ನೂ ಕಲಿತಿಲ್ಲವೆಂದೇ ಅರ್ಥ.