ಪ್ರಯೋಗಾಲಯ ದರ್ಜೆಯ ಲ್ಯಾಕ್ಟೋಸ್

ಲ್ಯಾಕ್ಟೋಸ್ ಅಥವಾ ಹಾಲುಸಕ್ಕರೆಯು ಸಸ್ತನಿಗಳ ಹಾಲಿನಲ್ಲಿ ಕಂಡುಬರುವ ಒಂದು ದ್ವಿಶರ್ಕರ. ಇದರ ಅಣುಸೂತ್ರ ಸಿ₁₂ಎಚ್₂₂ಒ₁₁. ಒಂದು ಗ್ಲೂಕೋಸ್ ಮತ್ತು ಒಂದು ಗ್ಯಾಲಕ್ಟೋಸ್ ಘಟಕಗಳು ಸೇರಿ ಇದು ಉಂಟಾಗುತ್ತದೆ. ಹಸುವಿನ ಹಾಲಿನಲ್ಲಿ ಸುಮಾರು ಶೇ. 4.7ರಷ್ಟೂ ತಾಯಿಯ ಹಾಲಿನಲ್ಲಿ ಸುಮಾರು ಶೇ. 7ರಷ್ಟೂ ಇರುತ್ತದೆ. ಇದನ್ನು ಶುದ್ಧೀಕರಿಸಿದ ಬಿಳಿಯ ಪುಡಿಯನ್ನು ಸೂಕ್ಷ್ಮಜೀವಿಶಾಸ್ತ್ರ, ಔಷಧ ತಯಾರಿಕೆ ಹಾಗೂ ರಾಸಾಯನಿಕ ವಿಶ್ಲೇಷಣೆಯಲ್ಲಿ ಬಳಸಲಾಗುತ್ತದೆ.

ತಯಾರಿಕೆ

ಚೀಸ್, ಪನೀರ್ ಅಥವಾ ಕೇಸೀನ್ ತಯಾರಿಸುವಾಗ ಹಾಲು ಒಡೆದು ಉಳಿಯುವ ತಿಳಿನೀರೇ ಇದರ ಮೂಲ. ಇದನ್ನು ಹಾಗೆಯೇ ಚರಂಡಿಗೆ ಬಿಟ್ಟರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿ ಕೆರೆಕಟ್ಟೆಗಳನ್ನು ಕೆಡಿಸುತ್ತದೆ. ತಿಳಿನೀರಿನಿಂದ ಪ್ರೋಟೀನನ್ನು ಬೇರ್ಪಡಿಸಿ, ಸಾಂದ್ರಗೊಳಿಸಿ, ನಿಧಾನವಾಗಿ ತಣಿಸಿದಾಗ ಹರಳುಗಳು ಮೂಡುತ್ತವೆ. ಹೆಚ್ಚಿನ ಶುದ್ಧತೆಗಾಗಿ ಅವನ್ನು ಮತ್ತೆ ನೀರಿನಲ್ಲಿ ಕರಗಿಸಿ, ಸಕ್ರಿಯ ಇದ್ದಿಲಿನಿಂದ ಬಣ್ಣ ತೆಗೆದು, ಮರುಹರಳಾಗಿಸುತ್ತಾರೆ. 93.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ದೊರೆಯುವುದು ಆಲ್ಫಾ ಮಾನೋಹೈಡ್ರೇಟ್. ಇದರ ತೂಕದಲ್ಲಿ ಸುಮಾರು ಶೇ. 5ರಷ್ಟು ಹರಳಿನೊಳಗಿನ ನೀರಾಗಿರುವುದರಿಂದ ದ್ರಾವಣ ಮಾಡುವಾಗ ಆ ಲೆಕ್ಕ ಬಿಡಬಾರದು.

ಸಂತೆಮರಹಳ್ಳಿಗೆ ಸಮೀಪದ ಕುದೇರಿನಲ್ಲಿ ಚಾಮರಾಜನಗರ ಜಿಲ್ಲಾ ಹಾಲು ಒಕ್ಕೂಟದ (ಚಾಮುಲ್) ಡೈರಿಯಿದೆ. ಇಂತಹ ಡೈರಿಗಳಿಗೆ ಬರುವ ಪ್ರತಿ ಸಾವಿರ ಕಿಲೋಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 47 ಕಿಲೋಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಕೆನೆರಹಿತ ಹಾಲಿನ ಪುಡಿಯ ತೂಕದಲ್ಲಿ ಸರಿಸುಮಾರು ಅರ್ಧ ಭಾಗ ಲ್ಯಾಕ್ಟೋಸೇ. ಅಲ್ಲಿ ಅದು ಹರಳಾಗದ ರೂಪದಲ್ಲಿರುವುದರಿಂದ ತೇವ ಹೀರಿ ಪುಡಿ ಗಂಟುಕಟ್ಟುತ್ತದೆ. ಹರಳುರೂಪದ ಶುದ್ಧ ಮಾನೋಹೈಡ್ರೇಟ್ ಅಷ್ಟು ಸುಲಭವಾಗಿ ತೇವ ಹೀರುವುದಿಲ್ಲ.

ಶುದ್ಧತೆಯ ಮಹತ್ವ

ಕುಡಿಯುವ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಗಳನ್ನು ಪತ್ತೆಹಚ್ಚುವ ಒಂದು ರೂಢಿಯ ವಿಧಾನವು ಅವು ಲ್ಯಾಕ್ಟೋಸನ್ನು ಹುದುಗಿಸಿ ಆಮ್ಲ ಮತ್ತು ಅನಿಲ ಉಂಟುಮಾಡುವುದನ್ನು ಅವಲಂಬಿಸಿದೆ. ಮ್ಯಾಕ್‌ಕಾಂಕಿ ಅಗರ್‌ನಲ್ಲಿ ಲೀಟರಿಗೆ 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅದರ ಮೇಲೆ ಎಷರೀಷಿಯ ಕೋಲೈ ಗುಲಾಬಿ ಬಣ್ಣದಲ್ಲಿ ಬೆಳೆದರೆ, ಸಾಲ್ಮೊನೆಲ್ಲ ಬಣ್ಣವಿಲ್ಲದೆ ಬೆಳೆಯುತ್ತದೆ. ಆದರೆ ಪುಡಿಯಲ್ಲಿ ಗ್ಲೂಕೋಸ್ ಬೆರೆತಿದ್ದರೆ, ಲ್ಯಾಕ್ಟೋಸನ್ನು ಮುಟ್ಟದ ಜೀವಿಯೂ ಆ ಗ್ಲೂಕೋಸನ್ನು ಹುದುಗಿಸಿ ಆಮ್ಲ ಉಂಟುಮಾಡಬಹುದು. ಆಗ ಪರೀಕ್ಷೆಯ ಫಲಿತಾಂಶವೇ ತಪ್ಪುತ್ತದೆ, ರೋಗಕಾರಕವು ಕಣ್ತಪ್ಪಿಸಿಕೊಳ್ಳುವ ಅಪಾಯವೂ ಇದೆ. ಹೆಚ್ಚು ಹೊತ್ತು ಆಟೋಕ್ಲೇವ್‌ನಲ್ಲಿ ಕಾಯಿಸಿದರೂ ಲ್ಯಾಕ್ಟೋಸ್ ಭಾಗಶಃ ಒಡೆಯುವುದರಿಂದ, ಸೂಕ್ಷ್ಮ ಪರೀಕ್ಷೆಗಳಿಗೆ ದ್ರಾವಣವನ್ನು ಸೋಸಿ ನಿರ್ಜೀವೀಕರಿಸುವುದು ಲೇಸು.

ಬೆನೆಡಿಕ್ಟ್ ಪರೀಕ್ಷೆ ಇಲ್ಲಿ ನೆರವಾಗದು. ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಎರಡೂ ಅಪಕರ್ಷಕ ಸಕ್ಕರೆಗಳಾಗಿದ್ದು ಎರಡೂ ಕೆಂಪು ಒತ್ತರ ಕೊಡುತ್ತವೆ. ಬಾರ್ಫೋಡ್ ಪರೀಕ್ಷೆಯಲ್ಲಿ ಏಕಶರ್ಕರಗಳು ಬೇಗನೆ ಪ್ರತಿಕ್ರಿಯಿಸುವುದರಿಂದ ವ್ಯತ್ಯಾಸ ಕಾಣುತ್ತದೆ. ನಿಖರ ಮಾಪನಕ್ಕೆ ದ್ರವ ವರ್ಣಲೇಖನ ಬೇಕು.

ಇತರ ಬಳಕೆ

ಔಷಧದ ಮಾತ್ರೆಗಳಲ್ಲಿ ಇದು ತುಂಬುವಸ್ತು. ಲ್ಯಾಕ್ಟೋಸ್ ಜೀರ್ಣವಾಗದವರು ಈ ಬಗ್ಗೆ ವೈದ್ಯರಿಗೆ ತಿಳಿಸುವುದು ಒಳ್ಳೆಯದು. 1961ರಲ್ಲಿ ಜಾಕೋಬ್ ಮತ್ತು ಮೊನೊ ಪ್ರಕಟಿಸಿದ ವಂಶವಾಹಿ ನಿಯಂತ್ರಣದ ಸಿದ್ಧಾಂತಕ್ಕೂ ಬ್ಯಾಕ್ಟೀರಿಯಗಳ ಲ್ಯಾಕ್ಟೋಸ್ ಬಳಕೆಯೇ ಆಧಾರವಾಗಿತ್ತು.