ಹೀಬ್ರೂ ಧರ್ಮಗ್ರಂಥಗಳಲ್ಲಿ ನಾಯಿ

ಯೆಹೂದ್ಯರ ಧರ್ಮಗ್ರಂಥವಾದ ಹೀಬ್ರೂ ಬೈಬಲಿನಲ್ಲಿ ನಾಯಿಯ ಪ್ರಸ್ತಾಪ ಬರುವ ಕಡೆಗಳಲ್ಲಿ ಬಹುಪಾಲು ತಿರಸ್ಕಾರದವೇ ಆಗಿರುವುದರಿಂದ, ಪ್ರಾಚೀನ ಇಸ್ರಾಯೇಲರು ನಾಯಿಯನ್ನು ದ್ವೇಷಿಸುತ್ತಿದ್ದರೆಂಬ ಅಭಿಪ್ರಾಯ ಬೇರೂರಿದೆ. ಈ ಅಭಿಪ್ರಾಯ ಅರ್ಧದಷ್ಟು ಮಾತ್ರ ಸರಿ. ಆ ಗ್ರಂಥಗಳಲ್ಲಿ ಹೆಚ್ಚಾಗಿ ಕಾಣುವುದು ಯಾರ ಮನೆಗೂ ಸೇರದೆ, ತಿಪ್ಪೆ ಕೆದಕಿ, ಸತ್ತುಬಿದ್ದುದನ್ನು ತಿಂದು ಬದುಕುತ್ತಿದ್ದ ಬೀದಿನಾಯಿ. ಅದರ ಬಗೆಗಿನ ಹೇಸಿಗೆಯಲ್ಲಿ, ತಮ್ಮ ಹೆಣ ಮಣ್ಣು ಕಾಣದೆ ಹೋದೀತೆಂಬ ಮನುಷ್ಯರ ಭಯವೂ ಬೆರೆತಿತ್ತು.

ಪಿತೃಗಳ ಸಮಾಧಿಯಲ್ಲಿ ಸೇರುವುದನ್ನೇ ಬಾಳಿನ ಯೋಗ್ಯ ಮುಕ್ತಾಯವೆಂದು ಬಗೆದಿದ್ದ ಆ ಸಮಾಜದಲ್ಲಿ ಹೆಣ ನಾಯಿಗಳ ಪಾಲಾಗುವುದಕ್ಕಿಂತ ಘೋರವಾದ ದಂಡನೆ ಇರಲಿಲ್ಲ. ಆದುದರಿಂದಲೇ ‘ಅರಸುಗಳು’ ಎಂಬ ಚರಿತ್ರೆಯ ಭಾಗದಲ್ಲಿ ಪ್ರವಾದಿಗಳು, ಅಂದರೆ ದೇವರ ಮಾತನ್ನು ಸಾರುವವರು, ಯಾರೊಬ್ಬಾಮ, ಬಾಷ ಮತ್ತು ಅಹಾಬ ಎಂಬ ಮೂವರು ಅರಸರ ಮನೆತನಗಳಿಗೂ ಒಂದೇ ಶಾಪವನ್ನು ವಿಧಿಸುತ್ತಾರೆ: ಊರಲ್ಲಿ ಸತ್ತವರು ನಾಯಿಗಳಿಗೆ, ಬಯಲಲ್ಲಿ ಸತ್ತವರು ಹಕ್ಕಿಗಳಿಗೆ ಆಹಾರವಾಗಬೇಕು. ಅಹಾಬನ ರಾಣಿ ಈಜೆಬೆಲಳನ್ನು ಇಜ್ರೇಲ್ ಪಟ್ಟಣದಲ್ಲಿ ಕಿಟಕಿಯಿಂದ ಕೆಳಕ್ಕೆ ತಳ್ಳಲಾಯಿತು. ಅರಸನ ಮಗಳೆಂಬ ಕಾರಣಕ್ಕೆ ಅವಳನ್ನು ಹೂಳಲು ಹೋದವರಿಗೆ ನಾಯಿಗಳು ತಿಂದು ಉಳಿಸಿದ ತಲೆಬುರುಡೆ, ಪಾದ ಮತ್ತು ಅಂಗೈಗಳಷ್ಟೇ ಸಿಕ್ಕವೆಂದು ಗ್ರಂಥ ಹೇಳುತ್ತದೆ. ಇಲ್ಲಿ ನಾಯಿ ಕೇವಲ ಹೊಲಸು ಪ್ರಾಣಿಯಲ್ಲ, ದೈವದ ತೀರ್ಪನ್ನು ಜಾರಿಗೊಳಿಸುವ ಸಾಧನ.

ವಿನಯದ ಮಾತಿಗೂ ನಾಯಿಯೇ ಒದಗಿತು. ತನ್ನನ್ನು ಬೆನ್ನಟ್ಟಿ ಬಂದ ಅರಸ ಸೌಲನ ಮುಂದೆ ದಾವೀದನೂ, ಬಳಿಕ ಅರಸನಾದ ಅದೇ ದಾವೀದನ ಮುಂದೆ ಸೌಲನ ಮೊಮ್ಮಗನೂ ತಮ್ಮನ್ನು ಸತ್ತ ನಾಯಿಗೆ ಹೋಲಿಸಿಕೊಳ್ಳುತ್ತಾರೆ. ಇದು ಬರಿಯ ಗ್ರಂಥದ ಅಲಂಕಾರವಾಗಿರಲಿಲ್ಲ. 1935ರಲ್ಲಿ ಯೆಹೂದ ರಾಜ್ಯದ ಲಾಕೀಷ್ ಪಟ್ಟಣದ ಕೋಟೆಬಾಗಿಲ ಬಳಿಯ ಉತ್ಖನನದಲ್ಲಿ ದೊರೆತ, ಮಡಕೆಯ ಚೂರುಗಳ ಮೇಲೆ ಮಸಿಯಲ್ಲಿ ಬರೆದ ಪತ್ರಗಳಲ್ಲಿಯೂ ಕೆಳಗಿನ ಅಧಿಕಾರಿ ಮೇಲಧಿಕಾರಿಗೆ ತಾನು ನಾಯಿಯಷ್ಟೇ ಎಂದು ಬಿನ್ನವಿಸಿಕೊಂಡಿದ್ದಾನೆ. ಆ ಪತ್ರಗಳು ಕ್ರಿ.ಪೂ. 6ನೆಯ ಶತಮಾನದ ಆರಂಭದಲ್ಲಿ ಬಾಬಿಲೋನಿಯರು ಯೆಹೂದ ರಾಜ್ಯವನ್ನು ಮುಗಿಸುವ ಹೊತ್ತಿನವು.

ಆದರೆ ನಾಯಿಯ ದುಡಿಮೆಯನ್ನೂ ಈ ಜನ ಬಲ್ಲವರಾಗಿದ್ದರು. ಯೋಬನ ಗ್ರಂಥದಲ್ಲಿ ಕುರಿಮಂದೆ ಕಾಯುವ ನಾಯಿಗಳಿವೆ. ಯೆಶಾಯನ ಗ್ರಂಥ ಕರ್ತವ್ಯ ಮರೆತ ನಾಯಕರನ್ನು ಬೊಗಳಲಾರದ ಮೂಕನಾಯಿಗಳೆಂದು ಹಳಿಯುವುದಂತೂ, ಬೊಗಳಿ ಕಾಯುವುದೇ ನಾಯಿಯ ಧರ್ಮವೆಂಬ ತಿಳಿವಳಿಕೆ ಇದ್ದುದರಿಂದಲೇ. ಈಜಿಪ್ಟಿನಿಂದ ಇಸ್ರಾಯೇಲರ ಬಿಡುಗಡೆಯನ್ನು ಹೇಳುವ ವಿಮೋಚನಕಾಂಡವು ಕಾಡುಮೃಗ ಸೀಳಿದ ಮಾಂಸವನ್ನು ನಾಯಿಗೆ ಹಾಕಬೇಕೆಂದು ವಿಧಿಸುತ್ತದೆ. ಅದು ಇಸ್ರಾಯೇಲರು ಈಜಿಪ್ಟಿನಿಂದ ಹೊರಟ ರಾತ್ರಿ ನಾಯಿಗಳು ಅವರ ಮೇಲೆ ಬೊಗಳದಿದ್ದುದಕ್ಕೆ ಸಂದ ಪ್ರತಿಫಲವೆಂದು ರಬ್ಬಿಗಳು, ಅಂದರೆ ನಂತರದ ಧರ್ಮಶಾಸ್ತ್ರಜ್ಞರು, ವ್ಯಾಖ್ಯಾನಿಸಿದರು. ಒಂದು ಪ್ರಾಣಿಗೂ ಅದರ ಋಣವನ್ನು ಸಲ್ಲಿಸಬೇಕೆಂಬ ಈ ಭಾವನೆ ಇಡೀ ಪರಂಪರೆಯಲ್ಲಿ ಬಹಳ ಉದಾತ್ತವಾದುದು. ಪಕ್ಕದ ಕರಾವಳಿಯ ಅಷ್ಕೆಲೋನಿನಲ್ಲಿ ಕ್ರಿ.ಪೂ. 5ನೆಯ ಶತಮಾನದಲ್ಲಿ ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಒಂದೊಂದಾಗಿ ಗುಂಡಿ ತೋಡಿ ಹೂಳಲಾಗಿದ್ದುದು ಉತ್ಖನನದಿಂದ ತಿಳಿದಿದೆಯಾದರೂ, ಅದು ಫಿನೀಷಿಯರ ಪ್ರಭಾವದಲ್ಲಿದ್ದ ಪಟ್ಟಣವಾದುದರಿಂದ ಹೀಬ್ರೂ ಆಚಾರಕ್ಕೆ ಸಾಕ್ಷಿಯಾಗಲಾರದು.

ನಾಯಿಯ ಬಗೆಗಿನ ಈ ಎರಡು ಬಗೆಯ ನೋಟ ಮುಂದಿನ ಕಟ್ಟಳೆಗಳಲ್ಲಿಯೂ ಕಾಣುತ್ತದೆ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಷ್ನಾ ಎಂಬ ಧರ್ಮಶಾಸ್ತ್ರವು ಸರಪಳಿಯಲ್ಲಿ ಕಟ್ಟದೆ ನಾಯಿಯನ್ನು ಸಾಕಬಾರದೆಂದು ನಿಯಮಿಸಿತು. ಗಡಿಯ ಊರುಗಳವರು ಮಾತ್ರ ಹಗಲಲ್ಲಿ ಕಟ್ಟಿ ರಾತ್ರಿ ಬಿಡಬಹುದೆಂದು, ಮಿಷ್ನಾದ ಮೇಲಿನ ವ್ಯಾಖ್ಯಾನವನ್ನು ಒಳಗೊಂಡ ತಾಲ್ಮುದ್ ಅನುಮತಿ ನೀಡಿತು.