ಕೋಲಿನ ಮೇಲಿನ ಹೆಸರು

ಕನ್ನಡದಲ್ಲಿ ‘ಕ್ಲಬ್’ ಎಂದರೆ ಇಸ್ಪೀಟಿನ ಮೇಜು, ಸಿಗರೇಟಿನ ಹೊಗೆ, ಮನೆಗೆ ತಡವಾಗಿ ಬರುವ ಚಿಕ್ಕಪ್ಪ. ‘ಹಳೇ ಗಾಲ್ಫ್ ಕ್ಲಬ್‌ಗಳನ್ನು ಸಂಗ್ರಹಿಸುವವರು’ ಎಂದು ಬರೆದರೆ, ಯಾರೋ ಬ್ರಿಟಿಷರ ಕಾಲದ ಕಟ್ಟಡಗಳನ್ನು ಕೊಂಡುಕೊಳ್ಳುತ್ತಿದ್ದಾರೆ ಎಂದುಕೊಂಡೀರಿ. ಹಾಗಾಗಿ ಇಲ್ಲಿ ಕೋಲು ಎಂದೇ ಬರೆಯುತ್ತೇನೆ. ಚಿನ್ನಿಕೋಲು ಆಡಿದವರಿಗೆ ಆ ಪದ ಪರಕೀಯವಾಗದು. ಕೋಲಿನ ಉದ್ದನೆಯ ಭಾಗಕ್ಕೆ, ಕೊಡಲಿ ಗುದ್ದಲಿಗಳಿಗೆ ಹೇಳುವಂತೆ, ಕಾವು ಎನ್ನುತ್ತೇನೆ.

2007ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ಅಂಥದೊಂದು ಕೋಲು 1,81,000 ಡಾಲರಿಗೆ ಮಾರಾಟವಾಯಿತು. ಜೆಫ್ರಿ ಎಲಿಸ್ ಎಂಬ ಅಮೆರಿಕನ್ ಸಂಗ್ರಾಹಕರ ಬಳಿ ಇದ್ದದ್ದು. ಹದಿನೆಂಟನೇ ಶತಮಾನದ್ದು, ಚೆಂಡನ್ನು ಕುಳಿಗೆ ತಳ್ಳುವ ಪಟರ್. ಸಾಮಗ್ರಿಯ ಲೆಕ್ಕ ಹಾಕಿದರೆ ಒಂದಿಷ್ಟು ಮರ, ಒಂದಿಷ್ಟು ಸೀಸ, ಒಂದು ಚೂರು ಕೊಂಬು, ದಾರ, ತೊಗಲು. ಬೆಲೆ ಬಂದದ್ದು ತಲೆಯ ಮೇಲೆ ಒತ್ತಿದ್ದ ಎರಡು ಅಕ್ಷರಗಳಿಂದ: ಎ, ಡಿ.

ಆ ಅಕ್ಷರಗಳನ್ನು ಆಂಡ್ರೂ ಡಿಕ್ಸನ್ ಎಂದು ಓದುತ್ತಾರೆ. ಎಡಿನ್‌ಬರೋ ಪಕ್ಕದ ಲೀತ್ ಎಂಬ ಬಂದರಿನಲ್ಲಿ ಡಿಕ್ಸನ್ ಮನೆತನದವರು ಕೋಲು, ಚೆಂಡು ಮಾಡುತ್ತಿದ್ದರು. ಮುಂದೆ ಎರಡನೇ ಜೇಮ್ಸ್ ದೊರೆಯಾದ ಯಾರ್ಕಿನ ಡ್ಯೂಕ್ 1680ರ ದಶಕದ ಆರಂಭದಲ್ಲಿ ಲೀತ್ ಬಯಲಿನಲ್ಲಿ ಆಡುವಾಗ, ಆಂಡ್ರೂ ಹುಡುಗನಾಗಿ ಚೆಂಡು ಬೀಳುವ ಜಾಗ ನೋಡಲು ಮುಂದೆ ಓಡುತ್ತಿದ್ದನಂತೆ. 1743ರಲ್ಲಿ ಅಚ್ಚಾದ, ತಾಮಸ್ ಮ್ಯಾಥಿಸನ್ ಬರೆದ ‘ದಿ ಗಾಫ್’ ಎಂಬ ಪದ್ಯಕೃತಿಯಲ್ಲಿ ಲೀತಿನ ಡಿಕ್ಸನ್ನನ ಹೆಸರು ಬರುತ್ತದೆ. ಮುದ್ರೆಯ ಎರಡು ಅಕ್ಷರ, ಪದ್ಯದಲ್ಲಿ ಒಂದು ಹೆಸರು, ಬಾಯಿಂದ ಬಾಯಿಗೆ ಬಂದ ಒಂದು ಕಥೆ. ಈ ಮೂರನ್ನೂ ಕೂಡಿಸಿದರೆ ಹಾಗೆ ಓದಬಹುದು. ಶಾಸನ ಓದುವವರು ಪಡುವ ಪಾಡೂ ಇದೇ. ಅವರ ತಪ್ಪಿಗೆ ಯಾರೂ ಡಾಲರಿನಲ್ಲಿ ದಂಡ ತೆರುವುದಿಲ್ಲ ಅಷ್ಟೆ.

ಗಾಲ್ಫ್ ಅದಕ್ಕಿಂತ ಬಹಳ ಹಳೆಯದು. 1457ರಲ್ಲೇ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಅದನ್ನು ನಿಷೇಧಿಸಿತ್ತು. ಜನ ಬಿಲ್ವಿದ್ಯೆಯ ಅಭ್ಯಾಸ ಬಿಟ್ಟು ಚೆಂಡು ಹೊಡೆಯುತ್ತ ಕೂತಿದ್ದಾರೆ ಎಂಬ ಸಿಟ್ಟಿನಿಂದ. 1603ರಲ್ಲಿ ವಿಲಿಯಂ ಮೇನ್ ಎಂಬವನು ಅರಸನ ಅಧಿಕೃತ ಕೋಲುಗಾರನಾದ. ಅವನು ಮಾಡಿದ್ದೆಂದು ಖಚಿತವಾಗಿ ಹೇಳಬಹುದಾದ ಒಂದು ಕೋಲೂ ಉಳಿದಿಲ್ಲ. ಉಳಿದ ಹಳೆಯವುಗಳಲ್ಲಿ ಹೆಸರಾದವು ‘ಟ್ರೂನ್ ಕೋಲುಗಳು’: ಆರು ಮರದವು, ಎರಡು ಕಬ್ಬಿಣದವು. ಇಂಗ್ಲೆಂಡಿನ ಹಲ್ ಊರಿನ ಮನೆಯೊಂದರಲ್ಲಿ, ಹಲಗೆ ಹೊಡೆದು ಮುಚ್ಚಿದ್ದ ಕಪಾಟಿನಲ್ಲಿ ಸಿಕ್ಕವು. ಜೊತೆಗೆ 1741ರ ಒಂದು ಸುದ್ದಿಪತ್ರಿಕೆ ಇತ್ತು. ಹಾಗಾದರೆ ಕೋಲುಗಳು 1741ರವೇ? ಪತ್ರಿಕೆ ಹೇಳುವುದು ತನ್ನ ತಾರೀಖನ್ನು ಮಾತ್ರ. ಅವನ್ನು ಮಾಡಿದ್ದು ಅದಕ್ಕೆ ಎಷ್ಟು ವರ್ಷ ಮೊದಲು, ಮಾಡಿದವರು ಯಾರು ಎಂಬ ವಾದ ಇನ್ನೂ ಮುಗಿದಿಲ್ಲ.

ಈ ಕಾಲದ ಮರದ ಕೋಲಿನ ತಲೆ ಉದ್ದಕ್ಕೆ, ತೆಳ್ಳಗೆ, ಬಾತುಕೋಳಿಯ ಕೊಕ್ಕಿನ ಹಾಗೆ. ಬೀಚ್, ಸೇಬು, ಪೇರು ಅಥವಾ ಮುಳ್ಳುಗಿಡದ ಮರದಿಂದ ಕೆತ್ತುತ್ತಿದ್ದರು. ಹಿಂಭಾಗದಲ್ಲಿ ಗುಳಿ ತೋಡಿ, ತೂಕಕ್ಕೆಂದು ಸೀಸ ಕರಗಿಸಿ ಹೊಯ್ಯುತ್ತಿದ್ದರು. ನೆಲಕ್ಕೆ ಉಜ್ಜುವ ಮುಂದಿನ ಅಂಚು ಸವೆಯದಂತೆ ಟಗರಿನ ಕೊಂಬಿನ ಒಂದು ಪಟ್ಟಿ ಕೂರಿಸಿ ಮರದ ಮೊಳೆ ಬಡಿಯುತ್ತಿದ್ದರು. ತಲೆಗೂ ಕಾವಿಗೂ ತೂತಿನ ಜೋಡಣೆ ಇಲ್ಲ. ಎರಡನ್ನೂ ಓರೆಯಾಗಿ ಸೀಳಿ, ಒಂದರ ಮೇಲೊಂದನ್ನು ಅಂಟಿಸಿ, ರಾಳ ಸವರಿದ ದಾರವನ್ನು ಬಿಗಿಯಾಗಿ ಸುತ್ತುತ್ತಿದ್ದರು. ಈಗಲೂ ಪರಿಣತರು ಮೊದಲು ನೋಡುವುದು ಈ ಸಂದನ್ನೇ. ಗೋಡೆಗೆ ನೇತುಹಾಕಲೆಂದು ಇತ್ತೀಚೆಗೆ ಮಾಡಿದ ಪ್ರತಿಕೃತಿಗಳಲ್ಲಿ ಸಂದು ಅತಿ ಅಚ್ಚುಕಟ್ಟು, ಸೀಸ ಅತಿ ನುಣುಪು. ಕೈಗೆಲಸದಲ್ಲಿ ಎಲ್ಲಾದರೂ ಒಂದು ಕಡೆ ಉಳಿ ಕೊಂಚ ಜಾರಿರುತ್ತದೆ.

ಹಳೆಯ ಕಬ್ಬಿಣದ ಕೋಲು ಮರದ್ದಕ್ಕಿಂತಲೂ ಅಪರೂಪ. ಕಾರಣ ಚೆಂಡು. ಆಗಿನ ಚೆಂಡು ತೊಗಲಿನ ಚೀಲದೊಳಗೆ ಹಕ್ಕಿಯ ಪುಕ್ಕವನ್ನು ಗಿಡಿದು ಹೊಲಿದದ್ದು, ದುಬಾರಿ. ಕಬ್ಬಿಣದಿಂದ ಹೊಡೆದರೆ ಹೊಲಿಗೆ ಬಿಟ್ಟು ಹೋಗುತ್ತಿತ್ತು. ಹಾಗಾಗಿ ಕಬ್ಬಿಣ ಏನಿದ್ದರೂ ಗಾಡಿಯ ಚಕ್ರದ ಹಳ್ಳಕ್ಕೋ ಕಲ್ಲು ಮರಳಿಗೋ ಚೆಂಡು ಬಿದ್ದಾಗ ಮಾತ್ರ. ಊರ ಕಮ್ಮಾರ ಬಡಿದುಕೊಟ್ಟ ಆ ಕಬ್ಬಿಣಕ್ಕೆ ಸಾಮಾನ್ಯವಾಗಿ ಮುದ್ರೆಯೂ ಇಲ್ಲ. 1848ರ ಸುಮಾರಿಗೆ ಮಲಯ ನಾಡಿನ ಗಟ್ಟಾಪರ್ಚ ಮರದ ಅಂಟಿನಿಂದ ಚೆಂಡು ಮಾಡುವುದು ಶುರುವಾಯಿತು. ಪೂರ್ವದೇಶಗಳಿಂದ ಸೇಂಟ್ ಆಂಡ್ರೂಸಿಗೆ ಬಂದ ವಿಷ್ಣುವಿನ ವಿಗ್ರಹವೊಂದರ ಸುತ್ತ ಪೆಟ್ಟು ಬೀಳದಂತೆ ತುಂಬಿದ್ದ ಗಟ್ಟಾಪರ್ಚದಿಂದಲೇ ಮೊದಲ ಚೆಂಡು ಆಯಿತೆಂದು ಕಥೆ ಹೇಳುತ್ತಾರೆ. ನಂಬುವುದು ಕಷ್ಟ, ಬಿಡಲು ಮನಸ್ಸಿಲ್ಲ. ಹೊಸ ಚೆಂಡು ಅಗ್ಗ, ಆದರೆ ಗಟ್ಟಿ. ತೆಳ್ಳನೆಯ ಕುತ್ತಿಗೆಗಳು ಮುರಿಯತೊಡಗಿದವು. ತಲೆಗಳು ಗಿಡ್ಡವಾದವು, ಕಾವಿಗೆ ಅಮೆರಿಕದ ಹಿಕರಿ ಮರ ಬಂತು, ಕಬ್ಬಿಣದ ಕೋಲುಗಳು ಚೀಲ ತುಂಬಿದವು.

ಈ ಬದಲಾವಣೆಯ ಹೊಸ್ತಿಲಲ್ಲಿ ನಿಂತವನು ಹ್ಯೂ ಫಿಲ್ಪ್. 1782ರಲ್ಲಿ ಹುಟ್ಟಿ 1856ರಲ್ಲಿ ತೀರಿಕೊಂಡ ಸೇಂಟ್ ಆಂಡ್ರೂಸಿನ ಕೋಲುಗಾರ. ಪಿಟೀಲಿಗೆ ಸ್ಟ್ರಾಡಿವೇರಿಯಸ್ ಹೇಗೋ ಕೋಲಿಗೆ ಫಿಲ್ಪ್ ಹಾಗೆ ಎಂಬ ಹೋಲಿಕೆ ಗಾಲ್ಫ್ ಬರಹಗಳಲ್ಲಿ ಸವೆದುಹೋಗಿದೆ. ಅವನು ಸತ್ತ ಮೇಲೆ ಅವನ ಕೋಲುಗಳಿಗೆ ಬೇಡಿಕೆ ಏರಿತು. ಬೇಡಿಕೆ ಏರಿದಂತೆ ‘ಫಿಲ್ಪ್’ಗಳ ಸಂಖ್ಯೆಯೂ ಏರಿತು. ಹೆಸರಿನ ಅಚ್ಚು ಮಾಡಿಸಿಕೊಂಡು ಬೇರೆಯವರ ಕೋಲಿಗೆ ಒತ್ತುವುದು ಎಷ್ಟು ಹೊತ್ತಿನ ಕೆಲಸ? ನನಗೆ ಕುತೂಹಲ ಹುಟ್ಟಿಸುವುದು ಆ ಬೇರೆಯವರು. ಫಿಲ್ಪನದೆಂದು ದಾಟಿಸಬಹುದಾದಷ್ಟು ಚೆನ್ನಾಗಿ ಕೆತ್ತಿದ ಆ ಕೈಯ ಹೆಸರನ್ನು ಖೋಟಾ ಮುದ್ರೆ ಅಳಿಸಿಬಿಟ್ಟಿತು. ಹೆಸರು ಸಿಕ್ಕದೆ ದುಡಿಯುವುದು ಅನುವಾದಕರಿಗೆ ಹೊಸತಲ್ಲ, ಆ ಮಾತು ಇಲ್ಲಿ ಬೇಡ.

ಫಿಲ್ಪನ ಅಂಗಡಿ ಸೋದರಳಿಯ ರಾಬರ್ಟ್ ಫೋರ್ಗನ್‌ನ ಕೈಗೆ ಬಂತು. 1863ರಲ್ಲಿ ವೇಲ್ಸಿನ ರಾಜಕುಮಾರನಿಗೆ ಕೋಲು ಮಾಡಿಕೊಟ್ಟ ಫೋರ್ಗನ್‌ಗೆ ರಾಜಕುಮಾರನ ಮೂರು ಗರಿಗಳ ಲಾಂಛನ ಬಳಸುವ ಅವಕಾಶ ದೊರೆಯಿತು. ಆ ರಾಜಕುಮಾರ 1901ರಲ್ಲಿ ಏಳನೇ ಎಡ್ವರ್ಡ್ ಆದ. ಗರಿ ಹೋಗಿ ಕಿರೀಟ ಬಂತು. ಕಾಲ ಹೇಳಲು ಇದಕ್ಕಿಂತ ಸುಲಭದ ಗುರುತು ಕಡಿಮೆ. ಕಬ್ಬಿಣದ ಕೋಲು ಬಡಿಯುವವರೂ ಚಿಹ್ನೆಗಳನ್ನು ಇಟ್ಟುಕೊಂಡರು: ಟಾಮ್ ಸ್ಟೂವರ್ಟನದು ಹೊಗೆ ಸೇದುವ ಪೈಪು, ಲೆವೆನ್ ಊರಿನ ನಿಕಲ್‌ನದು ಹಸ್ತ, ಕಿಂಗ್‌ಹಾರ್ನ್‌ನ ಗಿಬ್ಸನ್ನನದು ನಕ್ಷತ್ರ, ಆನ್‌ಸ್ಟ್ರದರ್‌ನ ಆಂಡರ್ಸನ್ನನದು ಬಾಣ. ಇದರ ಜೊತೆಗೆ ಕೋಲು ಮಾರಿದವನ ಹೆಸರು ದೊಡ್ಡದಾಗಿ ಇರುತ್ತದೆ. ಬಾಬಿ ಜೋನ್ಸನ ಲೋಕಪ್ರಸಿದ್ಧ ಪಟರ್ ‘ಕಲಾಮಿಟಿ ಜೇನ್’ ಮೇಲೆ ವಿಂಟನ್ ಎಂಬ ವ್ಯಾಪಾರಿಯ ಹೆಸರಿದೆ. ಅದನ್ನು ಬಡಿದವನು ಸೇಂಟ್ ಆಂಡ್ರೂಸಿನ ಕಾಂಡಿ ಎಂದು ಹೇಳುವುದು ಪುಟ್ಟ ಗುಲಾಬಿ ಹೂವೊಂದೇ. ಮುಂದೆ ಸ್ಪಾಲ್ಡಿಂಗ್ ಕಂಪನಿ ಅದರ ಪ್ರತಿಗಳನ್ನು ರಾಶಿಗಟ್ಟಲೆ ಮಾರಿತು. ತಮ್ಮ ಅಜ್ಜನ ಬಳಿ ಜೋನ್ಸನ ಪಟರ್ ಇತ್ತೆಂದು ನಂಬಿರುವ ಅಮೆರಿಕನ್ ಮನೆಗಳಿಗೆ ಹಾಗಾಗಿ ಬರವಿಲ್ಲ.

ಹೆಸರು ಎಂದ ಮೇಲೆ ಕೋಲುಗಳ ಹೆಸರನ್ನೂ ಹೇಳಬೇಕು. ಭಾಷಾಶಾಸ್ತ್ರ ಓದಿದ ನನಗೆ ಇದು ಹಬ್ಬ. ಹಿಕರಿ ಕಾಲದ ಕೋಲಿಗೆ ಸಂಖ್ಯೆ ಇರಲಿಲ್ಲ. ಬ್ರಾಸಿ, ಸ್ಪೂನ್, ಕ್ಲೀಕ್, ಮಾಶಿ, ನಿಬ್ಲಿಕ್, ಜಿಗ್ಗರ್. ಬ್ರಾಸಿಯ ಅಡಿಗೆ ಹಿತ್ತಾಳೆಯ ತಗಡು. ಸ್ಪೂನಿನ ಮುಖ ಚಮಚದಂತೆ ಒಳಸರಿದಿತ್ತು. ಕ್ಲೀಕ್ ಎಂದರೆ ಸ್ಕಾಟ್ ನುಡಿಯಲ್ಲಿ ಕೊಕ್ಕೆ. ನಿಬ್ಲಿಕ್ ಮೂಗಿಗೆ ಸಂಬಂಧಿಸಿದ ಪದದಿಂದ ಬಂತೆನ್ನುವವರಿದ್ದಾರೆ, ಮಾಶಿ ಫ್ರೆಂಚಿನ ಗದೆಯಿಂದ ಬಂತೆನ್ನುವವರಿದ್ದಾರೆ. ವುಡ್‌ಹೌಸ್ ಓದಿದವರಿಗೆ ಇವು ಪರಿಚಿತ. ಇವು ಯಾಕೆ ಸತ್ತವು ಎಂಬುದಕ್ಕೆ ಉತ್ತರ ಉಕ್ಕಿನಲ್ಲಿದೆ. ಒಂದು ಹಿಕರಿ ಕಾವು ಬಾಗುವ ಹಾಗೆ ಇನ್ನೊಂದು ಬಾಗದು. ಆಟಗಾರ ಒಂದೊಂದನ್ನೂ ಅಲುಗಿಸಿ ನೋಡಿ ಆರಿಸಿಕೊಳ್ಳುತ್ತಿದ್ದ. ಉಕ್ಕಿನ ಕೊಳವೆಗಳನ್ನು ಒಂದೇ ಅಚ್ಚಿನಲ್ಲಿ ಎಷ್ಟು ಬೇಕಾದರೂ ತೆಗೆಯಬಹುದು. 1920ರ ದಶಕದಲ್ಲಿ ಅಮೆರಿಕ ಉಕ್ಕನ್ನು ಒಪ್ಪಿತು, ಬ್ರಿಟನ್ 1929ರಲ್ಲಿ. ಕೋಲುಗಳು ಜೊತೆಗೂಡಿ ಬರತೊಡಗಿದ ಮೇಲೆ ಹೆಸರು ಯಾರಿಗೆ ಬೇಕು? ಒಂದು, ಎರಡು, ಮೂರು ಸಾಕಾಯಿತು.

ನಿಷೇಧವೂ ಬೆಲೆ ಏರಿಸುತ್ತದೆ. ಚೆಂಡು ಬಿದ್ದಲ್ಲೇ ನಿಲ್ಲಲೆಂದು ಆಳವಾದ ಗೀರು ಕೊರೆದ ಕಬ್ಬಿಣದ ಕೋಲಿನಿಂದ ಜಾಕ್ ಹಚಿಸನ್ 1921ರ ಓಪನ್ ಗೆದ್ದ. ಅಧಿಕಾರಿಗಳು ಅಂಥವನ್ನು ಬೇಗನೆ ಹೊರಗಿಟ್ಟರು. ಮಾಂಟ್ರೋಸಿನ ಬ್ರೌನ್ ಎಂಬವನು 1905ರ ಸುಮಾರಿಗೆ ಬಾಚಣಿಗೆಯಂತೆ ಹಲ್ಲುಳ್ಳ ಕೋಲನ್ನೇ ತಂದ, ನೀರಿನಿಂದ ಮರಳಿನಿಂದ ಚೆಂಡು ಎತ್ತಲು. ನೋಡಿದರೆ ತೋಟದ ಸಾಮಾನು. ಇಂದು ಅದಕ್ಕೆ ಸಾವಿರಗಟ್ಟಲೆ ಡಾಲರ್. ಸಾಮಾನ್ಯ ಹಿಕರಿ ಕೋಲಿನ ಪಾಡು ಬೇರೆ. 1900ರಿಂದ 1930ರವರೆಗೆ ಕಾರ್ಖಾನೆಗಳು ಲಕ್ಷಾಂತರ ಮಾಡಿದವು. ನೂರು ವರ್ಷ ಆಗಿದ್ದರೂ ಹಲವಕ್ಕೆ ಕೆಲವು ಹತ್ತು ಡಾಲರ್ ಸಿಕ್ಕರೆ ಹೆಚ್ಚು. ಮನೆಯಲ್ಲಿ ಕೋಲು ಇಟ್ಟುಕೊಂಡವರಿಗೆ ಇದನ್ನು ಒಪ್ಪಿಸುವುದೇ ಕಷ್ಟ.

ಫಿಲ್ಪನ ಕಾಲದ ಜಗಳ ಇನ್ನೂ ಜೀವಂತ. ಟೈಗರ್ ವುಡ್ಸ್ 2000-01ರಲ್ಲಿ ಸಾಲಾಗಿ ನಾಲ್ಕು ಮೇಜರ್ ಗೆದ್ದ ಕಬ್ಬಿಣಗಳೆಂದು ಹೇಳಲಾದ ಸೆಟ್ಟು 2010ರಲ್ಲಿ 57,242 ಡಾಲರಿಗೆ ಮಾರಾಟವಾಗಿತ್ತು. ನಿಜವಾದವು ವುಡ್ಸ್ ಮನೆಯಲ್ಲೇ ಇವೆ ಎಂದು ಅವರ ಏಜೆಂಟ್ ಆಗಲೇ ಹೇಳಿದ್ದರು. ಮಾರಿದವರು ಟೈಟ್ಲಿಸ್ಟ್ ಕಂಪನಿಯ ಉದ್ಯೋಗಿ. ಸುಳ್ಳುಪತ್ತೆ ಪರೀಕ್ಷೆಗೂ ಕೂತು ಬಂದವರು. 2022ರಲ್ಲಿ ಅದೇ ಸೆಟ್ಟು 51 ಲಕ್ಷ ಡಾಲರ್ ದಾಟಿತು. ಎಲ್ಲ ಅಂಕಿಸಂಖ್ಯೆಗಳೂ ದಾಖಲಾಗುವ ಕಾಲದಲ್ಲೇ ಒಂದು ಕೋಲು ಯಾರ ಕೈಯಲ್ಲಿತ್ತು ಎಂಬುದು ಇಷ್ಟು ಎಳೆದಾಟ. ಲೀತಿನ ಎರಡು ಅಕ್ಷರಗಳ ಬಗ್ಗೆ ಏನು ಹೇಳೋಣ?

ನಮ್ಮ ದೇಶಕ್ಕೆ ಕೋಲುಗಳು ಬಂದದ್ದು ಬಹು ಬೇಗ: ಕಲ್ಕತ್ತೆಯ ಗಾಲ್ಫ್ ಕ್ಲಬ್ 1829ರದು, ಬ್ರಿಟನ್ನಿನ ಹೊರಗೆ ಅದೇ ಅತಿ ಹಳೆಯದು; ಬೆಂಗಳೂರಿನದು 1876ರದು. ಚೋರ್ ಬಜಾರಿನಲ್ಲೋ, ಖಾಲಿಯಾಗುತ್ತಿರುವ ಯಾವುದೋ ಪ್ಲಾಂಟರ್ ಬಂಗಲೆಯಲ್ಲೋ ಒಂದು ಕೋಲು ನಿಮಗೆ ಸಿಗಬಹುದು. ಸಿಕ್ಕರೆ ಉಜ್ಜಿ ಹೊಳೆಯಿಸಬೇಡಿ. ಮರಳುಕಾಗದ ತಾಗಿದರೆ ಮುದ್ರೆ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ತುಕ್ಕನ್ನು ಒಣ ಬಟ್ಟೆಯಿಂದ ಒರೆಸಿ, ಮುಖದ ಮೇಲೆ ಗೀರಿದೆಯೋ ನೋಡಿ: ನುಣುಪಾಗಿದ್ದರೆ ಬಹುಶಃ 1900ಕ್ಕಿಂತ ಹಳೆಯದು. ಮತ್ತೆ, ಕಾವು ಮರದ ಬಣ್ಣಕ್ಕಿದ್ದ ಮಾತ್ರಕ್ಕೆ ಹಿಗ್ಗಬೇಡಿ. 1930ರ ದಶಕದಲ್ಲಿ, ಹಿಕರಿಗೆ ಒಗ್ಗಿದ ಕಣ್ಣಿಗೆ ಉಕ್ಕು ಹಿಡಿಸದು ಎಂದು, ಕೊಳವೆಯ ಮೇಲೆ ಮರದಂತೆ ಕಾಣುವ ಕಂದು ಲೇಪ ಕೊಟ್ಟು ಮಾರುತ್ತಿದ್ದರು. ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇಟ್ಟುಕೊಂಡು ಹೋಗಿ.